ಚಳಿಗಾಲದ ಸೊಳ್ಳೆ

ಅಂದು ಬೆಳಿಗ್ಗೆ ಬಿದ್ದ ಚಳಿಯನ್ನು ಆ ಬೀದಿಯ ಜನ ಬಹಳ ದಿನ ನೆನೆದರು. ಕಿಟಕಿಯ ಗಾಜಿನ ಮೇಲೆ ಮಂಜು ಬೆವರಿನಂತೆ ಇಳಿಯುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬರುವ ಮೊದಲು ಒಂದು ಕೆಮ್ಮು ಬರುತ್ತಿತ್ತು. ಬೀದಿನಾಯಿಗಳು ಬೊಗಳುವ ಕೆಲಸವನ್ನು ಬಿಸಿಲೇರಿದ ಮೇಲೆ ನೋಡಿಕೊಳ್ಳೋಣವೆಂದು ಮುಂದಕ್ಕೆ ಹಾಕಿ ಮುದುಡಿ ಮಲಗಿದ್ದವು. ಮೂಲೆಯ ಮಿಠಾಯಿ ಅಂಗಡಿಯ ನೊಣಗಳು ಸಹ ಎಲ್ಲಿಗೋ ಗುಳೆ ಎದ್ದು ಹೋಗಿದ್ದವು. ಅಂಥ ಚಳಿಯಲ್ಲಿ, ಹಳೆಯ ಮೂರಂತಸ್ತಿನ ಕಟ್ಟಡದ ನಡುವಿನ ಮನೆಯಲ್ಲಿ, ಟಿಣ್ಣಪ್ಪನ ಎಡಗೆನ್ನೆಯ ಮೇಲೆ ಒಂದು ಸೊಳ್ಳೆ ಬಂದು ಕೂತಿತು.

ಕೂತಿತು ಎಂದು ಅವನ ಹೆಂಡತಿ ಹೇಳಿದಳು.

ಟಿಣ್ಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ಅವನದು ಬಡಿದು ನೋಡುವ ಕೆಲಸ. ಭಟ್ಟಿಯಿಂದ ಬಂದ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು ಪುಟ್ಟ ಮರದ ಕಡ್ಡಿಯಿಂದ ಒಂದು ಏಟು ಕೊಡುವುದು. ಗಟ್ಟಿ ಬಟ್ಟಲು ‘ಟಿಣ್’ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ‘ಟೊಪ್’ ಎಂದು ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಕಾರ್ಖಾನೆಯವರು ಆ ಹೆಸರಿಟ್ಟರು. ಅವನೂ ಅದನ್ನು ಪದಕದಂತೆ ಧರಿಸಿಕೊಂಡಿದ್ದ.

ಬಡಿಯುವ ವಿಭಾಗದ ಮುದಿ ಮೇಸ್ತ್ರಿ ಕೆಲಸ ಬಿಡುವವನಿದ್ದ. ಆ ಜಾಗ ಯಾರಿಗೆ ಎನ್ನುವುದನ್ನು ಯಜಮಾನರು ಅಂದು ಮಧ್ಯಾಹ್ನ ತಾವೇ ಪರೀಕ್ಷೆ ಮಾಡಿ ತೀರ್ಮಾನಿಸುವವರಿದ್ದರು. ಮೇಸ್ತ್ರಿಯಾದವನಿಗೆ ಕೂರಲು ಕುರ್ಚಿ, ಕಾರ್ಖಾನೆಯ ಪಕ್ಕದಲ್ಲೇ ಮೆಟ್ಟಿಲಿಲ್ಲದ, ನೆಲದ ಮೇಲಿನ ಮನೆ. ಟಿಣ್ಣಪ್ಪನ ತಾಯಿಗೆ ಮಂಡಿನೋವು. ಮೆಟ್ಟಿಲು ಹತ್ತಲಾರದೆ ಆಕೆ ಬೀದಿಗಿಳಿದು ಎಷ್ಟೋ ಕಾಲವಾಗಿತ್ತು. ಆ ಮನೆ ಸಿಕ್ಕಂತೆಯೇ ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಎದುರಾಳಿ ಒಬ್ಬನೇ ಇದ್ದ, ಮೀಸೆ. ಅವನಿಗೆ ಇದ್ದದ್ದು ಮೀಸೆ ಮಾತ್ರ, ಕಿವಿಯಲ್ಲ ಎಂಬುದು ಟಿಣ್ಣಪ್ಪನ ಅಭಿಪ್ರಾಯ.

ಬೆಳಿಗ್ಗೆ ಅವನು ಕುರ್ಚಿಯ ಮೇಲೆ ಕೂತು ಬೆರಳು ಉಜ್ಜಿಕೊಳ್ಳುತ್ತ ಟೀ ಕೇಳಿದ. ಹೆಂಡತಿ ಒಲೆಯ ಕಡೆ ತಿರುಗಿ ನಿಂತಿದ್ದಳು, ತಿರುಗಲಿಲ್ಲ. ಮತ್ತೆ ಕೇಳಿದ. ಆಗಲೂ ಇಲ್ಲ. ಕೊನೆಗೆ ಗದರಿದ ಮೇಲೆ ಲೋಟ ಹಿಡಿದು ಬಂದಳು. ಅವಳು ಹತ್ತಿರ ಬಂದಿದ್ದು ನೋಡಿಕೊಂಡೇ ಅವನು ತಾಯಿಯ ಕಡೆ ಮುಖ ಮಾಡಿ, ನಾಳೆಯ ಮೇಸ್ತ್ರಿಯ ಗತ್ತಿನಲ್ಲಿ ಹೇಳಿದ: “ಕಿವಿ ಅಂದ್ರೆ ನಂದು ಕಣಮ್ಮ. ಇವಳಿಗೆ ದೇವರು ಬರೀ ಓಲೆ ಹಾಕ್ಕೊಳ್ಳೋಕೆ ಕೊಟ್ಟಿದ್ದಾನೆ.”

ತಾಯಿ ನಕ್ಕಳು. ಹೆಂಡತಿ ಲೋಟವನ್ನು ಒಂದು ಹನಿ ಚೆಲ್ಲದ ಹಾಗೆ ಮೇಜಿನ ಮೇಲಿಟ್ಟಳು. ಒಂದು ಹೆಜ್ಜೆ ಮುಂದೆ ಬಂದಳು. ಅಂಗೈ ಬೀಸಿ ಅವನ ಎಡಗೆನ್ನೆಗೂ ಕಿವಿಗೂ ಸೇರಿಸಿ ಒಂದು ಕೊಟ್ಟಳು. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡು, ಒಲೆ ಒರೆಸುವ ಬಟ್ಟೆಗೆ ಒರೆಸಿ, “ಸೊಳ್ಳೆ” ಎಂದಳು.

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ. ಕಿವಿಗೆ ಮಾತ್ರ ಬಾಗಿಲಿಡಲಿಲ್ಲ. ಒಳಗಿನ ಓಣಿಯ ಕೊನೆಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ ಎಳೆದು, ಮನುಷ್ಯರು ಇದನ್ನು ಜೋಪಾನ ಮಾಡುತ್ತಾರೆಂದು ನಂಬಿ ಸುಮ್ಮನಾದ. ಆ ನಂಬಿಕೆ ಟಿಣ್ಣಪ್ಪನ ಎಡಗಿವಿಯೊಳಗೆ ಒದ್ದೆ ಕಾಗದದ ಹಾಗೆ ಹರಿಯಿತು. ಸೂಜಿ ಚುಚ್ಚಿದಂಥ ನೋವು ಬಂದು ಹೋಯಿತು. ಆ ಕಡೆಯ ಲೋಕವೆಲ್ಲ ದಿಂಬಿನಡಿ ಸೇರಿಕೊಂಡಿತು. ಉಳಿದದ್ದು ಒಂದು ಸಣ್ಣ ಸದ್ದು: ಟಿಣ್... ಟಿಣ್... ಯಾರೂ ಬಡಿಯದ ಬಟ್ಟಲೊಂದು ತಲೆಯೊಳಗೆ ಕೂತು ತಾನಾಗಿ ಮೊಳಗುತ್ತಿತ್ತು.

ಆ ಕಟ್ಟಡದ ಗೋಡೆಗಳು ತೆಳು. ಏಟಿನ ಸದ್ದು ಹೊರಟ ಕೂಡಲೇ ಎದುರು ಮನೆಯ ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಯ ಸಮೇತ ಬಂದಳು. ಮೇಲ್ಮನೆಯ ನಿವೃತ್ತ ಮಾಸ್ತರರು ಶಾಲು ಹೊದ್ದು, ಯಾರೋ ಗಂಟೆ ಬಾರಿಸಿದ್ದಾರೆ ಎಂಬಂತೆ ಮೆಟ್ಟಿಲಿಳಿದು ಬಂದರು. ಕೆನ್ನೆಯ ಮೇಲೆ ಐದು ಬೆರಳೂ ಅಚ್ಚಾಗಿ ಮೂಡಿದ್ದವು. ಏನಾಯಿತು ಎಂದು ಅವರು ಕೇಳುವ ಮೊದಲೇ ಟಿಣ್ಣಪ್ಪ, ಸೊಳ್ಳೆ ಕೂತಿತ್ತು, ಹೊಡೆದಳು, ಕೈ ಸ್ವಲ್ಪ ಜೋರಾಯಿತು ಎಂದ. ಅವನು ಅದನ್ನು ನಂಬಿದ್ದನೋ ಇಲ್ಲವೋ ದೇವರೇ ಬಲ್ಲ. ಆದರೆ ಹೆಂಡತಿಯ ಕೈಯಿಂದ ಏಟು ತಿನ್ನುವುದಕ್ಕಿಂತ ಸೊಳ್ಳೆಯ ಕಾರಣಕ್ಕೆ ಏಟು ತಿನ್ನುವುದು ಗಂಡಸಿನ ಮರ್ಯಾದೆಗೆ ಹಗುರ.

ಮಾಸ್ತರರು ಕಿಟಕಿಯ ಮೇಲಿನ ಮಂಜನ್ನು ನೋಡಿದರು. ಕೆನ್ನೆಯನ್ನು ನೋಡಿದರು. “ಈ ಚಳೀಲಿ?” ಎಂದರು.

ಅಲ್ಲಿಗೆ ಔಷಧಿಯ ಮಾತು ಶುರುವಾಯಿತು. ತಾಯಿ ಬಿಸಿ ಎಣ್ಣೆ ಬಿಡೋಣ ಎಂದಳು. ಟೈಲರಮ್ಮ ತನ್ನ ಭಾವನಿಗೆ ಹೀಗೇ ಆದಾಗ ಹೊಗೆ ಊದಿದ್ದರೆಂದೂ, ಕಿವಿ ಸರಿಹೋಗಲಿಲ್ಲ, ಆದರೆ ಶೀತ ಬಿಟ್ಟಿತೆಂದೂ ಹೇಳಿದಳು. ಮಾಸ್ತರರು ಮೂಗು ಹಿಡಿದು ಬಾಯಿ ಮುಚ್ಚಿ ಒಳಗಿನಿಂದ ಊದಿದರೆ ಕಿವಿ ಟಪ್ಪೆಂದು ಬಿಡುತ್ತದೆ, ಇದು ವಿಜ್ಞಾನ ಎಂದರು.

“ಎಣ್ಣೆ ಬೇಡ. ಹೊಗೆ ಬೇಡ. ಮೂಗು ಹಿಡಿದು ಊದಲೂ ಬೇಡಿ,” ಎಂದಳು ಹೆಂಡತಿ, ಒಲೆಯ ಹತ್ತಿರದಿಂದಲೇ. “ಒಳಗೆ ನೀರು ಹೋಗಬಾರದು. ಹಾಗೇ ಬಿಟ್ಟರೆ ತಾನಾಗೇ ಕೂಡುತ್ತೆ. ಒಂದೆರಡು ತಿಂಗಳು ಬೇಕು.”

ತಾಯಿಗೆ ಸಿಟ್ಟು ಬಂತು. “ನೀನು ಯಾವ ಡಾಕ್ಟರು? ಈ ಮನೇಲಿ ನಾನು ಎಷ್ಟು ಕಿವಿಗೆ ಎಣ್ಣೆ ಹಾಕಿಲ್ಲ?”

“ಹಾಕಿದ್ದೀರಿ ಅತ್ತೆ. ನೆನಪಿದೆ ನಂಗೆ.”

ಟೈಲರಮ್ಮ ಯಾಕೋ ತನ್ನ ತೋಳಿಗೆ ಅಂಟಿದ್ದ ದಾರದ ತುಂಡನ್ನು ಬಹಳ ಹೊತ್ತು ಬಿಡಿಸುತ್ತಾ ನಿಂತಳು.

ಟಿಣ್ಣಪ್ಪ ಹೆಂಡತಿಯ ಮಾತನ್ನು ಕೇಳುವ ಪೈಕಿ ಅಲ್ಲ. ಮೆಟ್ಟಿಲಿನ ತಿರುವಿನಲ್ಲಿ ನಿಂತು ಮಾಸ್ತರರ ವಿಜ್ಞಾನವನ್ನು ಪ್ರಯೋಗಿಸಿದ. ಮೂಗು ಹಿಡಿದ, ಕೆನ್ನೆ ಉಬ್ಬಿಸಿದ, ಊದಿದ. ಎಡಗಿವಿಯಿಂದ ಪಂಕ್ಚರ್ ಆದ ಸೈಕಲ್ ಟ್ಯೂಬಿನ ಹಾಗೆ ‘ಸುಂಯ್’ ಎಂದು ಗಾಳಿ ಹೊರಗೆ ಬಂತು. ಕಣ್ಣಲ್ಲಿ ನಕ್ಷತ್ರ ಉದುರಿದವು. ಕಿವಿಯಿಂದ ಹಬೆ ಎದ್ದಿದ್ದನ್ನು ತಾವು ಕಣ್ಣಾರೆ ಕಂಡೆವೆಂದು ಮಾಸ್ತರರು ಆಮೇಲೆ ಹೇಳಿಕೊಂಡು ತಿರುಗಿದರು, ಅಷ್ಟೊಂದು ಆಗಿರಲಿಲ್ಲ.

ಮಧ್ಯಾಹ್ನದೊಳಗೆ ಕಿವಿ ಸರಿಯಾಗಲೇಬೇಕಿತ್ತು. ಕಾರ್ಖಾನೆಯ ದಾರಿಯಲ್ಲೇ ಕಿವಿ ಡಾಕ್ಟರ ದವಾಖಾನೆ. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಕಿವಿ ಹಿಂದಕ್ಕೆಳೆದು, ದೀಪ ಬಿಟ್ಟು, ಬಾವಿಯಲ್ಲಿ ಬಿದ್ದ ಬಿಂದಿಗೆ ಹುಡುಕುವವರ ಹಾಗೆ ಬಗ್ಗಿ ನೋಡಿದರು. ಕಿವಿತಮಟೆ ತೂತಾಗಿದೆ ಎಂದರು. ಕಿವಿಯ ಮೇಲೆ ಅಂಗೈ ರಪ್ಪೆಂದು ಬಿದ್ದಾಗ ಓಣಿಯೊಳಗಿನ ಗಾಳಿಗೆ ಓಡಲು ಜಾಗವಿರುವುದಿಲ್ಲ, ಅದು ಪೊರೆಯನ್ನೇ ಒಡೆದುಕೊಂಡು ಹೋಗುತ್ತದೆ ಎಂದು ವಿವರಿಸಿದರು. ಹೆದರಬೇಕಾದ್ದಿಲ್ಲ, ಇಂಥ ಹೊಸ ತೂತು ಹೆಚ್ಚಿನಂಶ ತಾನಾಗಿಯೇ ಕೂಡಿಕೊಳ್ಳುತ್ತದೆ, ಒಂದೆರಡು ತಿಂಗಳು ಹಿಡಿಯುತ್ತದೆ. ನೀರು ಹೋಗಬಾರದು. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಳ್ಳಬೇಕು. ಎಣ್ಣೆ ಗಿಣ್ಣೆ ಬಿಡಕೂಡದು. ಮೂಗು ಹಿಡಿದು ಊದಕೂಡದು.

ಟಿಣ್ಣಪ್ಪನಿಗೆ ಇದನ್ನೆಲ್ಲ ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. ಎಲ್ಲಿ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಕೂಡದೇ ಹೋದರೆ ಏನು ಗತಿ ಎಂದು ಕೇಳಿದ.

ಕೀವು ಕಟ್ಟಿದರೆ ಕೂಡುವುದು ಕಷ್ಟ ಎಂದರು ಡಾಕ್ಟರು. ಕಿವಿ ಸೋರಿದರೆ, ಜ್ವರ ಬಂದರೆ ತಡಮಾಡದೆ ಬರಬೇಕು, ಅದಕ್ಕೆ ಔಷಧಿ ಇದೆ. ಹಳೆಯದಾಗಿ ಉಳಿದ ತೂತಿಗೆ ಕಿವಿಯ ಹಿಂದಿನಿಂದ ಒಂದು ಚೂರು ಪೊರೆ ತೆಗೆದು ತೇಪೆ ಹಾಕುತ್ತಾರೆ, ದೊಡ್ಡಾಸ್ಪತ್ರೆಯಲ್ಲಿ. ಸಕಾಲಕ್ಕೆ ಕರೆದುಕೊಂಡು ಬರುವವರು ಇರಬೇಕು, ಅಷ್ಟೇ.

ಆಮೇಲೆ ಪೆನ್ನು ಕೆಳಗಿಟ್ಟು, ಹೊಡೆದವರು ಯಾರು ಎಂದು ಕೇಳಿದರು. ಟಿಣ್ಣಪ್ಪ ಸೊಳ್ಳೆಯ ಕತೆ ಹೇಳಿದ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಪ್ಪ, ಈ ಸೊಳ್ಳೆ ನನಗೆ ಹೊಸದಲ್ಲ. ಆಗಾಗ ಬರ್ತಿರುತ್ತೆ. ಯಾವಾಗಲೂ ಹೆಂಗಸರ ಕೆನ್ನೆ ಮೇಲೇ ಕೂತ್ಕೊಳ್ಳೋದು. ಗಂಡಸಿನ ಮೇಲೆ ಕೂತಿದ್ದು ಇದೇ ಮೊದಲು ನೋಡ್ತಿರೋದು.”

ನಿಜವಾಗಿಯೂ ಸೊಳ್ಳೆಯೇ ಎಂದು ಅವನು ಹಟ ಹಿಡಿದ. ಅವರು ತಲೆಯಾಡಿಸಿ, ಮನೆಯಲ್ಲಿ ನೆಮ್ಮದಿ ಇದೆಯೇ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನವರನ್ನು ಕರೆದರು.

ಕಾರ್ಖಾನೆಯ ಗೇಟಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಹಾಜರಿ ಹಾಕಿತ್ತು. ಕೆಲಸಗಾರರ ಏಪ್ರನ್ ಹೊಲಿಯುವವಳು ಟೈಲರಮ್ಮನೇ. ಅಂದು ಬೆಳಿಗ್ಗೆ ಗಂಟು ಕೊಡಲು ಬಂದವಳು ಏಪ್ರನ್ನಿಗೊಂದರಂತೆ ಸುದ್ದಿಯನ್ನೂ ಹಂಚಿದ್ದಳು. ಮೀಸೆ ಬಹಳ ಪ್ರೀತಿಯಿಂದ ಎದುರುಗೊಂಡ.

“ಏನಣ್ಣ, ಸೊಳ್ಳೆ ಬಳೆ ಹಾಕ್ಕೊಂಡಿತ್ತಂತೆ?”

ಮಧ್ಯಾಹ್ನ ಪರೀಕ್ಷೆಯಾಯಿತು. ಮೇಜಿನ ಮೇಲೆ ಬಟ್ಟಲುಗಳ ಸಾಲು. ಅಭ್ಯರ್ಥಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹಿಂದಿನಿಂದ ಯಜಮಾನರು ಬಡಿಯುತ್ತಾರೆ. ಗಟ್ಟಿಯೋ ಬಿರುಕೋ ಹೇಳಬೇಕು. ಮೀಸೆ ಮೊದಲು ನಿಂತ. ಒಂದೆರಡು ಕಡೆ ಎಡವಿದ, ಉಳಿದದ್ದು ಹೇಗೋ ದಾಟಿಸಿದ. ಟಿಣ್ಣಪ್ಪ ಗೋಡೆಯ ಮುಂದೆ ನಿಂತು ದೇವರನ್ನು ನೆನೆದ.

ಯಜಮಾನರು ಬಡಿದರು. ಟಿಣ್ ಎಂದು ಕೇಳಿಸಿತು. ಗಟ್ಟಿ ಎಂದ. ಇನ್ನೊಂದು ಬಡಿದರು. ಟಿಣ್. ಗಟ್ಟಿ. ಮತ್ತೊಂದು. ಅದೂ ಟಿಣ್. ಬಟ್ಟಲು ಸುಮ್ಮನಿದ್ದರೂ ಟಿಣ್. ತಲೆಯೊಳಗಿನ ಬಟ್ಟಲು ಯಾರ ಅಪ್ಪಣೆಗೂ ಕಾಯದೆ ಮೊಳಗುತ್ತಲೇ ಇತ್ತು. ಅಲ್ಲಿದ್ದ ಬಿರುಕುಗಳನ್ನೆಲ್ಲ ಅವನು ಒಂದೊಂದಾಗಿ ಆಶೀರ್ವದಿಸಿ ಕಳಿಸಿದ. ಯಜಮಾನರಿಗೆ ಅನುಮಾನ ಬಂದು ಮೇಜಿನ ಹಲಗೆಗೆ ಬಡಿದರು. ಗಟ್ಟಿ ಎಂದ. ಬಗ್ಗಿ ತಮ್ಮ ಬೂಟಿನ ತುದಿಗೆ ಬಡಿದರು.

“ಇದಂತೂ ಬಹಳ ಒಳ್ಳೆ ಬಟ್ಟಲು,” ಎಂದ ಟಿಣ್ಣಪ್ಪ.

ಯಾರೂ ಜೋರಾಗಿ ನಗಲಿಲ್ಲ, ಯಜಮಾನರಿದ್ದರು. ಮುದಿ ಮೇಸ್ತ್ರಿ ತನ್ನ ಮರದ ಕಡ್ಡಿಯನ್ನು ಮೀಸೆಯ ಕೈಗೆ ಕೊಟ್ಟ. ಯಜಮಾನರು ಟಿಣ್ಣಪ್ಪನಿಗೆ ಬೈಯಲಿಲ್ಲ. ಕಿವಿ ವಾಸಿಯಾಗುವವರೆಗೆ ಹುಲ್ಲು ತುಂಬುವ ಕಡೆ ಇರು ಎಂದರು. ಹೋಗುವಾಗ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು: “ಮನೇಲಿ ಸೊಳ್ಳೆಗೆ ಹೆದರೋನು ಇಲ್ಲಿ ಜನರನ್ನ ಹೇಗಯ್ಯ ಆಳ್ತೀಯ?”

ಹುಲ್ಲು ತುಂಬುವ ವಿಭಾಗದಲ್ಲಿ ಎಲ್ಲರೂ ಹೆಂಗಸರೇ. ಬಟ್ಟಲು ಒಡೆಯದ ಹಾಗೆ ಪೆಟ್ಟಿಗೆಯೊಳಗೆ ಒಣಹುಲ್ಲು ತುರುಕುವ ಕೆಲಸ. ಅವರಲ್ಲಿ ಹಿರಿಯಳೊಬ್ಬಳು ಅವನಿಗೆ ಜಾಗ ಬಿಟ್ಟುಕೊಟ್ಟು, ಕೆನ್ನೆಯ ಕಡೆ ಒಮ್ಮೆ ನೋಡಿ, ಮರುಕದಿಂದಲೇ ಮಾತಾಡಿಸಿದಳು.

“ಹೋಗ್ಲಿ ಬಿಡಣ್ಣ. ನಮಗೂ ಆಗಿದೆ. ನಾವು ಬಾಗಿಲು ತಾಗ್ತು ಅಂತೀವಿ.”

“ನಂದು ನಿಜವಾಗ್ಲೂ ಸೊಳ್ಳೇನೇ ಅಕ್ಕ.”

“ನಮ್ಮದೂ ನಿಜವಾಗ್ಲೂ ಬಾಗಿಲೇ.”

ಉಳಿದ ಹೆಂಗಸರು ಹುಲ್ಲಿನಿಂದ ತಲೆಯೆತ್ತದೆ ನಕ್ಕರು. ಆ ನಗುವಿನಲ್ಲಿ ಅವನಿಗೆ ಎರಡು ಬಗೆಯ ಸದ್ದು ಕೇಳಿಸಿತು, ಆದರೆ ಯಾವುದು ಗಟ್ಟಿ ಯಾವುದು ಬಿರುಕು ಎಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ಅವನ ಸಿಟ್ಟು ಒಂದೇ ಕಡೆಗೆ ತಿರುಗಿ ಕಾವೇರುತ್ತ ಬಂತು. ಕೆಲಸ ಹೋಯಿತು, ನೆಲದ ಮೇಲಿನ ಮನೆ ಹೋಯಿತು, ಹೋಗಲಿ. ಮರ್ಯಾದೆಯಾದರೂ ವಾಪಸು ಬರಬೇಕಿತ್ತು. ಸೊಳ್ಳೆ ಇದ್ದದ್ದು ನಿಜವೆಂದು ಹೆಂಡತಿ ನಾಲ್ಕು ಜನರ ಮುಂದೆ ತನ್ನ ಬಾಯಿಂದಲೇ ಹೇಳಿದರೆ ಊರ ಬಾಯಿ ಮುಚ್ಚುತ್ತದೆ. ನಾಳೆ ಯಜಮಾನರ ಮುಂದೆ ನಿಲ್ಲಲು ಒಂದು ಮುಖವಾದರೂ ಇರುತ್ತದೆ. ಮೆಟ್ಟಿಲು ಹತ್ತುವಾಗಲೇ ಟೈಲರಮ್ಮನ ಬಾಗಿಲು ತಟ್ಟಿದ. ಮೇಲಕ್ಕೆ ಕೂಗಿ ಮಾಸ್ತರರನ್ನು ಕರೆದ. ಬನ್ನಿ, ನೀವೇ ಕೇಳಿ, ಅವಳ ಬಾಯಿಂದಲೇ ಕೇಳಿ ಎಂದ. ಇಂಥ ಕರೆಗೆ ಅವರಿಬ್ಬರೂ ಎಂದೂ ತಡ ಮಾಡಿದವರಲ್ಲ.

ಹೆಂಡತಿ ಕಿಟಕಿಯ ಬಳಿ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎಡಮಗ್ಗುಲು ಬಾಗಿಲ ಕಡೆಗಿತ್ತು. ಅವನು ಬಾಗಿಲಲ್ಲಿ ನಿಂತು ಕರೆದ, ತಿರುಗಲಿಲ್ಲ. ಜೋರಾಗಿ ಕರೆದ; ಸೂಜಿ ತನ್ನ ಪಾಡಿಗೆ ಹೋಗಿ ಬಂದು ಮಾಡುತ್ತಿತ್ತು. ನೋಡಿ, ಹೀಗೇ ಇವಳು, ಹಟ ಎಂದು ಅವನು ಮಾಸ್ತರರಿಗೆ ತೋರಿಸಿದ. ಅವನ ನೆರಳು ಬಟ್ಟೆಯ ಮೇಲೆ ಬಿದ್ದಾಗ ಅವಳು ತಲೆಯೆತ್ತಿ, ಎಲ್ಲರನ್ನೂ ಕಂಡು ಎದ್ದು ನಿಂತಳು. ಒಳಗಿನಿಂದ ತಾಯಿಯೂ ಗೋಡೆ ಹಿಡಿದು ಬಂದಳು.

“ಹೇಳು,” ಎಂದ ಟಿಣ್ಣಪ್ಪ. “ಬೆಳಿಗ್ಗೆ ಸೊಳ್ಳೆ ಇತ್ತೋ ಇಲ್ವೋ?”

“ಇತ್ತು.”

ಟಿಣ್ಣಪ್ಪ ಗೆದ್ದವನ ಹಾಗೆ ಸುತ್ತ ನೋಡಿದ. ಆದರೆ ಮಾಸ್ತರರಿಗೆ ಅದು ಒಪ್ಪಿಗೆಯಾಗಲಿಲ್ಲ. ತರಗತಿಯಲ್ಲಿ ಸುಳ್ಳು ಹಿಡಿಯುವ ಹಳೆಯ ಹುಮ್ಮಸ್ಸು ಅವರಿಗೆ ಬಂದುಬಿಟ್ಟಿತ್ತು. “ಈ ಚಳೀಲಿ ಸೊಳ್ಳೆ ಎಲ್ಲಿ ಬರುತ್ತಮ್ಮ? ಯಾರಾದ್ರೂ ನಂಬೋ ಮಾತಾ?” ಎಂದು ನಕ್ಕರು.

ಅವಳು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ ನಿಲ್ಲಿಸಿದಳು.

“ಎರಡು ವರ್ಷದ ಹಿಂದೆ ಇದಕ್ಕಿಂತ ಚಳಿ ಇತ್ತು ಮಾಸ್ತರೇ. ಆವತ್ತು ನೀವೆಲ್ಲ ನಂಬಿದ್ರಲ್ಲ.”

ಕೆಲವು ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದವರ ಒಳಗೇ ಅವು ಮೊದಲಿನಿಂದ ಕೂತಿರುತ್ತವೆ.

ಎರಡು ವರ್ಷದ ಹಿಂದೆ, ಅದೇ ಕುರ್ಚಿಯ ಹತ್ತಿರ, ಅವಳ ಕೈಯ ಇಸ್ತ್ರಿಪೆಟ್ಟಿಗೆ ತಾಗಿ ಅವನ ಒಂದು ಅಂಗಿಯ ಬೆನ್ನು ಸುಟ್ಟಿತ್ತು. ಅಂದೂ ಒಂದು ಸದ್ದು ಕೇಳಿತ್ತು. ಅಂದೂ ಟೈಲರಮ್ಮ ಬಂದಿದ್ದಳು, ಮಾಸ್ತರರು ಇಳಿದು ಬಂದಿದ್ದರು. ಟಿಣ್ಣಪ್ಪನೇ ಬಾಗಿಲು ತೆಗೆದು, ಏನಿಲ್ಲ, ಇವಳ ಕೆನ್ನೆ ಮೇಲೆ ಸೊಳ್ಳೆ ಕೂತಿತ್ತು, ಹೊಡೆದೆ ಎಂದಿದ್ದ. ಹೆಂಡತಿಯ ಮೇಲೆ ಎಷ್ಟು ಕಾಳಜಿಯಪ್ಪ ಎಂದು ಮಾಸ್ತರರು ತಮಾಷೆ ಮಾಡಿದ್ದರು. ಎಲ್ಲರೂ ನಕ್ಕಿದ್ದರು. ಬಂದವರು ನಗುವಾಗ ಮನೆಯಾಕೆ ಗಂಟುಮುಖ ಹಾಕಬಾರದೆಂದು, ಕೆನ್ನೆಗೆ ಅಂಗೈ ಒತ್ತಿಕೊಂಡು ಅವಳೂ ನಕ್ಕಿದ್ದಳು. ಅವರು ಹೋದ ಮೇಲೆ ಅತ್ತೆ ಬಿಸಿ ಎಣ್ಣೆ ತಂದು ಅವಳ ಎಡಗಿವಿಗೆ ಬಿಟ್ಟಿದ್ದಳು.

ಮಾಸ್ತರರು ತಮ್ಮ ಚಪ್ಪಲಿಯ ಉಂಗುಷ್ಟವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಟೈಲರಮ್ಮ, “ಆಮೇಲೆ ಇವಳನ್ನ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಅಲ್ಲೂ ಸೊಳ್ಳೆ ಅಂತಲೇ ಹೇಳಿದ್ವಿ” ಎಂದು ನೆಲಕ್ಕೆ ಹೇಳಿದಳು. ಒಲೆಯ ಮೇಲೆ ಏನೂ ಇರದಿದ್ದರೂ ತಾಯಿ, ಏನೋ ಸೀಯುತ್ತಿದೆ ಎಂದು ಒಳಗೆ ಹೋದಳು. ಉಳಿದಿಬ್ಬರೂ ಒಬ್ಬರ ಹಿಂದೊಬ್ಬರು ಮೆಟ್ಟಿಲಿಗೆ ಸದ್ದು ಗೊತ್ತಾಗದ ಹಾಗೆ ಹೆಜ್ಜೆಯಿಟ್ಟು ಹೊರಟುಹೋದರು.

ಟಿಣ್ಣಪ್ಪ ಕುರ್ಚಿಯ ಮೇಲೆ ಕೂತ. ಅವನ ತಲೆಯೊಳಗಿನ ಬಟ್ಟಲು ಮೊಳಗುತ್ತಲೇ ಇತ್ತು. ನೂರು ಬಟ್ಟಲುಗಳ ನಡುವೆ ಕೂದಲೆಳೆಯ ಬಿರುಕನ್ನು ಕೇಳಿಸಿಕೊಂಡವನು, ಒಂದೇ ಮನೆಯಲ್ಲಿ ಎರಡು ವರ್ಷದಿಂದ ಟೊಪ್ ಎನ್ನುತ್ತಿದ್ದುದನ್ನು ಕೇಳಿಸಿಕೊಂಡಿರಲಿಲ್ಲ.

“ನಿಂಗೆ ಈಗ್ಲೂ ಆ ಕಡೆ ಕೇಳಲ್ವಾ?” ಎಂದ.

“ಇಲ್ಲ. ಕೀವಾಯ್ತಲ್ಲ, ಕೂಡಲಿಲ್ಲ. ತೇಪೆ ಹಾಕಿಸ್ಬೇಕು, ಜೊತೆಗೆ ಬನ್ನಿ ಅಂತ ನಿಮ್ಮನ್ನ ಕರೆದಿದ್ದೆ. ಕಿವಿ ಏನು ಹರಿದ ಚಡ್ಡೀನಾ ತೇಪೆ ಹಾಕೋಕೆ ಅಂದ್ರಿ. ಎಲ್ಲರೂ ನಕ್ಕರು.”

ಆ ಮಾತನ್ನು ತಾನು ಆಡಿದ್ದು ಅವನಿಗೆ ನೆನಪಾಯಿತು. ಒಳ್ಳೆಯ ತಮಾಷೆ ಎಂದು ಕಾರ್ಖಾನೆಯಲ್ಲಿ ಮೀಸೆಗೂ ಹೇಳಿದ್ದ.

ನನ್ನ ಮೇಸ್ತ್ರಿ ಕೆಲಸ ಹೋಯಿತು ಎಂದ. ಅವಳು ಒಳಗೆ ಹೋಗಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಒಂದು ಹತ್ತಿಯ ಉಂಡೆ, ತಳ ಕಾಣುತ್ತಿದ್ದ ವ್ಯಾಸಲಿನ್ ಡಬ್ಬಿ. ಚಿಟಿಕೆ ಹತ್ತಿ ಕಿತ್ತು, ವ್ಯಾಸಲಿನ್ ಸವರಿ, ಉಂಡೆ ಮಾಡಿ, ಅವನ ಎಡಗಿವಿಯ ಬಾಯಿಗೆ ಹೂವಿಡುವಷ್ಟು ಹಗುರವಾಗಿ ಇಟ್ಟಳು. ನೀರು ಕಾದಿದೆ, ಸ್ನಾನ ಮಾಡಿ, ತಲೆಗೆ ಹಾಕ್ಕೋಬೇಡಿ ಎಂದಳು. ವ್ಯಾಸಲಿನ್ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾನೇ ಮಡಿಸಿದಳು. ಆಮೇಲೆ ಅವನ ಬಲಗಿವಿಯ ಕಡೆಗೆ ಬಂದು, ಸರಿಯಾಗಿ ಕೇಳಿಸುವ ಹಾಗೆ, ಆದರೆ ಗೋಡೆಯಾಚೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು:

“ನಿಮ್ಮದೇ ಸೊಳ್ಳೆ. ಇಷ್ಟು ದಿನ ನನ್ನ ಹತ್ರ ಇತ್ತು.”